ಗೊತ್ತಿಲ್ಲದೆ ಗ್ಲುಟೆನ್ ಹೊಟ್ಟೆಗೆ ಹೋದಾಗ

(ಸೀಲಿಯಾಕ್ ಕಾಯಿಲೆ ಹೊಸದಾಗಿ ಪತ್ತೆಯಾದವರಿಗೆ ಮತ್ತು ಅವರ ಮನೆಯವರಿಗೆ ಒಬ್ಬ ಆಹಾರ ತಜ್ಞೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಏನು ತಿನ್ನಬಹುದು, ಏನು ತಿನ್ನಬಾರದು ಅನ್ನುವ ಪಟ್ಟಿ ನಿಮ್ಮ ಕೈಗೆ ಆಗಲೇ ಬಂದಿರುತ್ತದೆ. ಗೋಧಿ ಬೇಡ, ಬಾರ್ಲಿ ಬೇಡ, ರೈ ಅನ್ನುವ ಧಾನ್ಯ ಬೇಡ. ನಿಮಗೆ ಆಗದ ಗ್ಲುಟೆನ್ ಅನ್ನುವ ಪ್ರೋಟೀನು ಇರುವುದು ಇವುಗಳಲ್ಲೇ. ಅದನ್ನೇ ಮತ್ತೆ ಓದಿ ಹೇಳಿ ನಿಮ್ಮ ಸಮಯ ಹಾಳು ಮಾಡುವುದಿಲ್ಲ. ಆ ಪಟ್ಟಿಯಲ್ಲಿ ಬರೆಯದೆ ಬಿಟ್ಟ ಒಂದು ವಿಷಯ ಇದೆ. ಎಷ್ಟೇ ಹುಷಾರಾಗಿದ್ದರೂ ಒಂದಲ್ಲ ಒಂದು ದಿನ ಗ್ಲುಟೆನ್ ಹೊಟ್ಟೆಗೆ ಹೋಗೇ ಹೋಗುತ್ತದೆ. ಹೋದಮೇಲೆ ಏನು ಮಾಡುವುದು?

ಇಂಥ ಫೋನ್‌ಗಳು ನನಗೆ ಸಾಮಾನ್ಯವಾಗಿ ರಾತ್ರಿ ಬರುತ್ತವೆ. ಮಾತಾಡುವವರು ಬಾತ್‌ರೂಮಿನ ಬಾಗಿಲ ಹತ್ತಿರ ನಿಂತಿರುತ್ತಾರೆ. ಎರಡೇ ಪ್ರಶ್ನೆ. "ಈಗ ಏನ್ ತಗೊಳ್ಲಿ?" ಆಮೇಲೆ ಸ್ವಲ್ಪ ತಡೆದು, "ಇಷ್ಟು ತಿಂಗಳು ಮಾಡಿದ ಪಥ್ಯ ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಯಾಕಂದ್ರೆ ಹೊಟ್ಟೆನೋವಿಗಿಂತ ಜಾಸ್ತಿ ನಿದ್ದೆಗೆಡಿಸುವುದು ಅದೇ. ಉತ್ತರ: ಇಲ್ಲ, ಹಾಗೇನೂ ಆಗಿಲ್ಲ.

ನಿಮ್ಮ ಸಣ್ಣಕರುಳಿನ ಒಳಗೋಡೆಯಲ್ಲಿ ವಿಲ್ಲೈ ಅಂತ ಬೆರಳಿನ ಆಕಾರದ ಸಣ್ಣ ಸಣ್ಣ ಎಳೆಗಳಿವೆ. ತಿಂದ ಆಹಾರದ ಸತ್ವ ಒಳಗೆ ಹೋಗುವುದು ಅವುಗಳ ಮೂಲಕ. ಸೀಲಿಯಾಕ್ ಇರುವವರ ದೇಹ ಗ್ಲುಟೆನ್ ಕಂಡ ಕೂಡಲೇ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಅಲ್ಲಿ ಉರಿಯೂತ ಆಗುತ್ತದೆ. ಅದು ದಿನವೂ ನಡೆದರೆ ಎಳೆಗಳು ಕುಗ್ಗಿ, ಕೊನೆಗೆ ಗೋಡೆ ಮಟ್ಟಸವಾಗುತ್ತದೆ. "ದಿನವೂ" ಅನ್ನುವುದನ್ನು ಗಮನಿಸಿ. ಸ್ವಯಂಸೇವಕರಿಗೆ ದಿನಕ್ಕೆ 3 ಗ್ರಾಂ ಗ್ಲುಟೆನ್‌ನಂತೆ ಎರಡು ವಾರ ಕೊಟ್ಟು ನೋಡಿದಾಗ ಬಹಳ ಜನರ ವಿಲ್ಲೈ ಕುಗ್ಗಿದ್ದು ಕಂಡಿದೆ. ಒಂದೇ ಒಂದು ಊಟದಲ್ಲಿ ಹೋದ ಗ್ಲುಟೆನ್ ಕರುಳನ್ನು ಕೆರಳಿಸುತ್ತದೆ, ನಿಮ್ಮನ್ನು ಸುಸ್ತು ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಚೇತರಿಸಿಕೊಂಡ ಕರುಳನ್ನು ಮತ್ತೆ ಮೊದಲಿನ ಸ್ಥಿತಿಗೆ ತಳ್ಳುವ ಶಕ್ತಿ ಸಾಮಾನ್ಯವಾಗಿ ಅದಕ್ಕಿರುವುದಿಲ್ಲ.

ಕರುಳಿಗೆ ಚೇತರಿಸಿಕೊಳ್ಳುವ ಗುಣ ಇದೆ. ಈ ಕಾಯಿಲೆಗೂ ಗೋಧಿಗೂ ಇರುವ ನಂಟು ಬೆಳಕಿಗೆ ಬಂದದ್ದೇ ಅದರಿಂದ. ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಗೆ ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಗೋಧಿಯ ಮೇಲೆ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಬ್ರೆಡ್ ಸಿಗದ ಹಾಗಾಯಿತು. ಊರಿಗೆ ಊರೇ ಹಸಿದಿತ್ತು. ಆದರೆ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಡಿಕೆ ಅವರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ದಾಖಲಿಸಿದರು. ಗ್ಲುಟೆನ್ ನಿಂತರೆ ಕರುಳು ತಾನೇ ಸರಿಹೋಗಲು ಶುರುಮಾಡುತ್ತದೆ ಅನ್ನುವುದು ಹೀಗೆ ಗೊತ್ತಾಯಿತು. ನಿಮ್ಮ ಮಟ್ಟಿಗೂ ಅದು ನಿಜ. ಎಡವಟ್ಟು ಆದ ಮರುದಿನದಿಂದಲೇ ನಿಜ.

ಹಾಗಂತ ಅಪಾಯಕಾರಿ ಯೋಚನೆಯೊಂದು ಈ ಸಮಯದಲ್ಲೇ ತಲೆಗೆ ಬರುತ್ತದೆ. "ಹೇಗೂ ಹೊಟ್ಟೆಗೆ ಹೋಗಿದೆ. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಈ ವಾರ ಪೂರ್ತಿ ತಿಂದುಬಿಡೋಣ, ಸೋಮವಾರದಿಂದ ಮತ್ತೆ ಪಥ್ಯ." ಇದನ್ನು ನಾನು ತುಂಬಾ ಸಲ ಕೇಳಿದ್ದೇನೆ. ನೀವು ಮುಳುಗಿಲ್ಲ, ಕಾಲು ಒದ್ದೆಯಾಗಿದೆ ಅಷ್ಟೆ. ಒಂದು ತುತ್ತಿಗೂ ಒಂದು ವಾರಕ್ಕೂ ಕರುಳು ಬೇರೆ ಬೇರೆ ಲೆಕ್ಕ ಹಾಕುತ್ತದೆ.

ಈಗ ಮೊದಲನೇ ಪ್ರಶ್ನೆ. ಏನು ತೆಗೆದುಕೊಳ್ಳಬೇಕು?

ನಿಜ ಹೇಳಬೇಕಂದ್ರೆ, ಹೊಟ್ಟೆಗೆ ಹೋದ ಗ್ಲುಟೆನ್ ಅನ್ನು ವಾಪಸ್ ತೆಗೆಯುವ ಔಷಧ ಇಲ್ಲ. ಗ್ಲುಟೆನ್ ಕರಗಿಸುವ ಕಿಣ್ವದ ಮಾತ್ರೆ ಅಂತ ಮಾರುತ್ತಾರೆ. ಹೊಟ್ಟೆಗೆ ಹೋದ ಗ್ಲುಟೆನ್ ಅನ್ನು ಒಂದಷ್ಟು ಒಡೆಯುವ ಇಂಥ ಮಾತ್ರೆಗಳು ಇರುವುದು ನಿಜ. ಆದರೆ ಅದನ್ನು ನುಂಗಿ ನಿಶ್ಚಿಂತೆಯಾಗಿ ಇರಬಹುದು ಅನ್ನುವ ಮಟ್ಟಕ್ಕೆ ಯಾವುದೂ ಬಂದಿಲ್ಲ. ಇದ್ದಿಲ ಮಾತ್ರೆ ಇದಕ್ಕೆ ಕೆಲಸ ಮಾಡುತ್ತದೆ ಅನ್ನಲು ಆಧಾರ ಇಲ್ಲ. ಮೇಲಾಗಿ ನೀವು ತೆಗೆದುಕೊಳ್ಳುವ ಬೇರೆ ಔಷಧಗಳನ್ನು ಅದು ಹೀರಿಕೊಂಡುಬಿಡಬಹುದು. ಬೆರಳು ಹಾಕಿ ವಾಂತಿ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಉಪವಾಸ ಮಾಡಿ "ಕರುಳು ತೊಳೆಯುವುದು" ಇನ್ನೊಂದು ಸುಳ್ಳು ಭರವಸೆ.

ಮಾಡಬೇಕಾದ್ದು ಸಪ್ಪೆ ಕೆಲಸಗಳು. ವಾಂತಿ-ಭೇದಿ ಇದ್ದರೆ ಮೊದಲು ನೀರು. ಲೋಟ ಎತ್ತಿ ಗಟಗಟ ಕುಡಿದರೆ ಅದೂ ಹೊರಗೆ ಬರುತ್ತದೆ. ಒಂದೊಂದೇ ಗುಟುಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಬರೀ ನೀರಿಗಿಂತ ಒಆರ್‌ಎಸ್ ಒಳ್ಳೆಯದು, ಯಾಕಂದ್ರೆ ಹೋದ ಉಪ್ಪೂ ವಾಪಸ್ ಬೇಕು. ಹೊಟ್ಟೆ ತಡೆದುಕೊಳ್ಳುತ್ತದೆ ಅನ್ನಿಸಿದ ಮೇಲೆ ಮೆತ್ತಗೆ ಬೇಯಿಸಿದ ಅನ್ನ, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ ಇಂಥದ್ದು ಸ್ವಲ್ಪ ಸ್ವಲ್ಪ. ಬಿಸಿನೀರಿನ ಚೀಲ ಹೊಟ್ಟೆ ಮೇಲೆ ಇಟ್ಟುಕೊಂಡು ಮಲಗಿ. ಭೇದಿ ನಿಲ್ಲಿಸುವ ಮಾತ್ರೆ ಬೇಕು ಅನ್ನಿಸಿದರೆ ಡಾಕ್ಟರನ್ನು ಕೇಳಿ. ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ನೀವಾಗಿಯೇ ನುಂಗಬೇಡಿ.

ಹಾಲಿನ ಬಗ್ಗೆ ಒಂದು ಮಾತು. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಇರುವುದು ವಿಲ್ಲೈಗಳ ತುದಿಯಲ್ಲಿ. ಕರುಳು ಕೆರಳಿದಾಗ ಮೊದಲು ಪೆಟ್ಟು ಬೀಳುವುದೂ ಆ ತುದಿಗೇ. ಹಾಗಾಗಿ ಎರಡು ದಿನ ಆದಮೇಲೆ ಹೊಟ್ಟೆ ಸುಮಾರಾಗಿ ಸರಿಹೋಯಿತು ಅಂತ ಹಾಲು ಕುಡಿಯುತ್ತೀರಿ, ಮತ್ತೆ ಉಬ್ಬರ, ಮತ್ತೆ ಭೇದಿ. "ಇನ್ನೂ ಗ್ಲುಟೆನ್ ಎಲ್ಲಿಂದಲೋ ಬರ್ತಿದೆ" ಅಂತ ಗಾಬರಿಯಾಗುತ್ತೀರಿ. ಹಾಲನ್ನು ಕೆಲವು ದಿನ ಬಿಟ್ಟು ನೋಡಿ.

ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಹಲವರಿಗೆ ತಿಂದ ಒಂದೆರಡು ಗಂಟೆಯಲ್ಲಿ ಓಕರಿಕೆ, ವಾಂತಿ. ಇದು ಬರೀ ಅಜೀರ್ಣ ಅಲ್ಲ. ಗ್ಲುಟೆನ್ ತಿಂದ 2ರಿಂದ 4 ಗಂಟೆಯೊಳಗೆ ರಕ್ತದಲ್ಲಿ ಇಂಟರ್‌ಲ್ಯೂಕಿನ್-2 ಅನ್ನುವ ವಸ್ತು ಏರುವುದನ್ನು ಅಳೆದು ನೋಡಿದ್ದಾರೆ. ಅಂದರೆ ರೋಗನಿರೋಧಕ ಕಣಗಳು ಅಷ್ಟು ಬೇಗ ಎದ್ದು ಕೂರುತ್ತವೆ. ಹೊಟ್ಟೆಯ ಗಲಾಟೆ ಮುಗಿದಮೇಲೆ ಸುಸ್ತು, ತಲೆನೋವು, ಮಂಕು. ಓದಿದ ಸಾಲನ್ನೇ ಮತ್ತೆ ಓದುವುದು, ಬಾಯಿಗೆ ಬಂದ ಹೆಸರು ಮರೆಯುವುದು, ಮನೆಯವರ ಮೇಲೆ ಸುಮ್ಸುಮ್ನೆ ರೇಗುವುದು. ಈ ಎರಡನೇ ಹಂತ ಕೆಲವು ದಿನ ಎಳೆಯಬಹುದು. ಆ ದಿನಗಳಲ್ಲಿ ಮುಖ್ಯವಾದ ಲೆಕ್ಕಪತ್ರ, ದೂರದ ಡ್ರೈವಿಂಗ್ ಇದ್ದರೆ ಮುಂದಕ್ಕೆ ಹಾಕಿ. ಮನೆಯವರಿಗೂ ಹೇಳುತ್ತೇನೆ, ಅವರು ಸೋಮಾರಿತನ ಮಾಡುತ್ತಿಲ್ಲ.

ಡಾಕ್ಟರ ಹತ್ತಿರ ಯಾವಾಗ ಓಡಬೇಕು? ನೀರು ಸಹ ನಿಲ್ಲದಷ್ಟು ವಾಂತಿ, ಎದ್ದು ನಿಂತರೆ ತಲೆಸುತ್ತು, ಮೂತ್ರ ತೀರಾ ಕಡಿಮೆ ಅಥವಾ ಕಡು ಬಣ್ಣ, ಜೋರು ಜ್ವರ, ಮಲದಲ್ಲಿ ರಕ್ತ. ಇವುಗಳಿಗೆ ಕಾಯಬೇಡಿ. ಎರಡು ವಾರ ಕಳೆದರೂ ಹೊಟ್ಟೆ ಸರಿಹೋಗದಿದ್ದರೆ, ತೂಕ ಇಳಿಯುತ್ತಿದ್ದರೆ ಆಗಲೂ ಹೋಗಿ. ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ತಿಂದ ಕೆಲವೇ ನಿಮಿಷಕ್ಕೆ ತುಟಿ-ಮುಖ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿದರೆ ಅದು ಸೀಲಿಯಾಕ್ ಲಕ್ಷಣ ಅಲ್ಲ, ಅಲರ್ಜಿ. ಅಂಥದ್ದಕ್ಕೆ ತಕ್ಷಣ ಆಸ್ಪತ್ರೆ.

ಇಲ್ಲಿಯವರೆಗೆ ಹೇಳಿದ್ದು ಸದ್ದು ಮಾಡುವ ಗ್ಲುಟೆನ್ ಬಗ್ಗೆ. ನನಗೆ ನಿಜವಾಗಿ ಚಿಂತೆ ಇರುವುದು ಸದ್ದು ಮಾಡದ್ದರ ಬಗ್ಗೆ.

ಇಟಲಿಯ ಸಂಶೋಧಕರ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಪಥ್ಯದಲ್ಲಿದ್ದ ಸೀಲಿಯಾಕ್ ರೋಗಿಗಳಿಗೆ ಮೂರು ತಿಂಗಳು ದಿನಕ್ಕೊಂದು ಕ್ಯಾಪ್ಸೂಲ್ ಕೊಟ್ಟರು. ಕೆಲವರದ್ದರಲ್ಲಿ ಗ್ಲುಟೆನ್ ಇಲ್ಲ, ಕೆಲವರದ್ದರಲ್ಲಿ 10 ಮಿಲಿಗ್ರಾಂ, ಕೆಲವರದ್ದರಲ್ಲಿ 50. ದಿನಾ 50 ಮಿಲಿಗ್ರಾಂ ನುಂಗಿದವರ ವಿಲ್ಲೈ ಕುಗ್ಗಿದ್ದವು. ಒಂದು ಸ್ಲೈಸ್ ಮಾಮೂಲಿ ಬ್ರೆಡ್ಡಿನಲ್ಲಿ 2 ಗ್ರಾಂಗೂ ಜಾಸ್ತಿ ಗ್ಲುಟೆನ್ ಇರುತ್ತದೆ. ಹಾಗಾದರೆ 50 ಮಿಲಿಗ್ರಾಂ ಅಂದರೆ ಆ ಸ್ಲೈಸಿನ ನಲವತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ. ಚೂರು. ಮೇಜಿನ ಮೇಲಿದ್ದರೆ ಒರೆಸಿ ಬಿಸಾಕುವಷ್ಟು.

ಅಂಥ ಚೂರು ದಿನಾ ಎಲ್ಲಿಂದ ಬರುತ್ತದೆ? ಬೆಳಗ್ಗೆ ನಿಮ್ಮ ಬೆಣ್ಣೆ ಡಬ್ಬಿಯ ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು ನೋಡಿ. ಮನೆಯಲ್ಲಿ ಉಳಿದವರು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಅದೇ ಚಾಕುವನ್ನು ಮತ್ತೆ ಡಬ್ಬಿಗೆ ಅದ್ದಿರುತ್ತಾರೆ. ಚಾಕು ಎಳೆದ ಗೆರೆಯ ಉದ್ದಕ್ಕೂ ಕಂದು ಬಣ್ಣದ ಪುಡಿ ಅಂಟಿರುತ್ತದೆ. ಜಾಮ್ ಬಾಟಲಿಯ ಅಂಚಲ್ಲೂ ಅಷ್ಟೆ. ನೀವು ನಿಮ್ಮ ಗ್ಲುಟೆನ್ ಇಲ್ಲದ ಬ್ರೆಡ್ಡನ್ನು ದುಬಾರಿ ದುಡ್ಡು ಕೊಟ್ಟು ತಂದು, ಬೇರೆ ತಟ್ಟೆಯಲ್ಲಿ ಇಟ್ಟು, ಮೇಲೆ ಈ ಬೆಣ್ಣೆ ಸವರುತ್ತೀರಿ. ಹೊಟ್ಟೆನೋವು ಬರದೇ ಇರಬಹುದು. ಸೀಲಿಯಾಕ್‌ನಲ್ಲಿ ನೋವಿನ ಪ್ರಮಾಣಕ್ಕೂ ಕರುಳಿನ ಹಾನಿಗೂ ತಾಳೆ ಇಲ್ಲ. ಏನೂ ಅನ್ನಿಸದವರ ಕರುಳು ಒಳಗೊಳಗೇ ಸವೆದಿರಬಹುದು. ಒಂದು ರಾತ್ರಿ ನರಳಿಸಿದ ಊಟದ ಬಗ್ಗೆ ವರ್ಷಗಟ್ಟಲೆ ಮಾತಾಡುತ್ತೇವೆ, ಈ ಡಬ್ಬಿಯ ಕಡೆ ತಿರುಗಿಯೂ ನೋಡುವುದಿಲ್ಲ, ಅಲ್ವಾ?

ಬೆಣ್ಣೆಗೆ, ಜಾಮ್‌ಗೆ ನಿಮ್ಮದೇ ಬೇರೆ ಡಬ್ಬಿ ಇಡಿ. ಮೇಲೆ ಹೆಸರು ಬರೆಯಿರಿ.

ಅಡುಗೆಮನೆಯಲ್ಲಿ ಯಾವುದಕ್ಕೆ ಎಷ್ಟು ಹೆದರಬೇಕು ಅನ್ನುವುದರಲ್ಲೂ ನಮ್ಮ ಅಂದಾಜು ತಪ್ಪುತ್ತದೆ. ಟೋಸ್ಟರ್ ಕಂಡರೆ ಎಲ್ಲರಿಗೂ ಭಯ. ಆದರೆ ಅಳೆದು ನೋಡಿದ ಅಧ್ಯಯನದಲ್ಲಿ, ಎಲ್ಲರೂ ಬಳಸುವ ಟೋಸ್ಟರಿನಿಂದ ಬಂದ ಗ್ಲುಟೆನ್ ಅಂದುಕೊಂಡದ್ದಕ್ಕಿಂತ ಕಮ್ಮಿ ಇತ್ತು. ಮಾಮೂಲಿ ಪಾಸ್ತಾ ಬೇಯಿಸಿದ ನೀರಿನಲ್ಲೇ ಗ್ಲುಟೆನ್ ಇಲ್ಲದ ಪಾಸ್ತಾ ಬೇಯಿಸಿದಾಗ ಮಾತ್ರ ಗ್ಲುಟೆನ್ ಜೋರಾಗಿ ಸೇರಿಕೊಂಡಿತ್ತು. ಕುದಿಸಿದರೆ ಸಾಯಲು ಗ್ಲುಟೆನ್ ಕ್ರಿಮಿ ಅಲ್ಲ, ಪ್ರೋಟೀನು. ಬಿಸಿ ಎಣ್ಣೆಯಲ್ಲೂ ಅದು ಹಾಗೇ ಇರುತ್ತದೆ. ಅದಕ್ಕೇ ಮೈದಾ ಹಿಟ್ಟಿನಲ್ಲಿ ಅದ್ದಿದ ತಿಂಡಿ ಕರಿದ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ನಿಮಗಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡರೆ ಕೈಗಂಟಿದ ಹಿಟ್ಟು ಹೋಗುವುದಿಲ್ಲ. ಸೋಪು, ನೀರು, ಉಜ್ಜುವುದು. ಪಾತ್ರೆಗೂ ಅದೇ ಸಾಕು. ಬಿರುಕು ಬಿಟ್ಟ ಮರದ ಹಲಗೆ, ಸಣ್ಣ ತೂತಿನ ಜರಡಿ ಇವನ್ನು ಮಾತ್ರ ಪ್ರತ್ಯೇಕ ಇಟ್ಟುಕೊಳ್ಳಿ, ತೊಳೆದರೂ ಸಂದಿಯಲ್ಲಿ ಉಳಿಯುತ್ತದೆ.

ಪ್ಯಾಕೆಟ್ ಮೇಲಿನ "ಗ್ಲುಟೆನ್ ಫ್ರೀ"ಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ 20 ಪಿಪಿಎಂ. ಕಿಲೋಗೆ 20 ಮಿಲಿಗ್ರಾಂ. ಮಿತಿಯ ಅಂಚಿನಲ್ಲೇ ಇರುವ ಆಹಾರವನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ 10 ಮಿಲಿಗ್ರಾಂ ಆಯಿತು. ಹಾಗಾಗಿ ಈ ಗುರುತನ್ನು ನಂಬಬಹುದು ಅನ್ನುತ್ತೇನೆ. "ಗೋಧಿ ಇಲ್ಲ" ಅಂತ ಬರೆದಿದ್ದರೆ ಸಾಲದು, ಬಾರ್ಲಿ ಮಾಲ್ಟ್ ಇರಬಹುದು. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಓಟ್ಸ್ ಬೇಕಿದ್ದರೆ ಗ್ಲುಟೆನ್ ಫ್ರೀ ಗುರುತಿರುವುದನ್ನೇ ಕೊಳ್ಳಿ.

ಎಡವಟ್ಟು ಆದಾಗ ಪತ್ತೆದಾರಿ ಮಾಡಿ, ಆದರೆ ಅದೇ ರಾತ್ರಿ ಅಲ್ಲ. ಚೇತರಿಸಿಕೊಂಡ ಮೇಲೆ ಒಂದು ಹಾಳೆಯಲ್ಲಿ ಹಿಂದಿನ ಇಡೀ ದಿನ ತಿಂದದ್ದು, ಕುಡಿದದ್ದು, ಎಲ್ಲಿ, ಯಾರು ಬಡಿಸಿದರು, ಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು ಇಷ್ಟು ಬರೆಯಿರಿ. ಕೊನೆಯ ಊಟದ ಮೇಲೇ ತಪ್ಪು ಹೊರಿಸುವುದು ನಮ್ಮೆಲ್ಲರ ಅಭ್ಯಾಸ. ತುಂಬಾ ಸಲ ಕಳ್ಳ ಮಧ್ಯಾಹ್ನದ ಸಾಸ್‌ನಲ್ಲಿ ಇರುತ್ತಾನೆ. ಇನ್ನು ಕೆಲವು ಸಲ ಕಳ್ಳನೇ ಇರುವುದಿಲ್ಲ. ಸೀಲಿಯಾಕ್ ಇದ್ದವರಿಗೂ ಎಲ್ಲರಂತೆ ಹೊಟ್ಟೆಯ ಸೋಂಕು ಬರುತ್ತದೆ, ಈರುಳ್ಳಿ-ಬೆಳ್ಳುಳ್ಳಿ ಜಾಸ್ತಿಯಾದರೆ ಉಬ್ಬರ ಬರುತ್ತದೆ. ಪ್ರತಿ ನೋವಿಗೂ ಗ್ಲುಟೆನ್ ಕಾರಣ ಅಂತ ಒಂದೊಂದೇ ಪದಾರ್ಥ ಬಿಡುತ್ತಾ ಹೋಗಿ, ತಟ್ಟೆಯಲ್ಲಿ ಏನೂ ಉಳಿಯದ ಸ್ಥಿತಿಗೆ ಬಂದವರನ್ನು ನೋಡಿದ್ದೇನೆ. ಅವರ ಮೈಯಲ್ಲಿ ಗ್ಲುಟೆನ್ ಇರಲಿಲ್ಲ, ಕಬ್ಬಿಣಾಂಶವೂ ಇರಲಿಲ್ಲ. ಅನುಮಾನ ಪದೇ ಪದೇ ಬಂದರೆ, ಮೂತ್ರ ಅಥವಾ ಮಲದಲ್ಲಿ ಗ್ಲುಟೆನ್ ತುಣುಕು ಹುಡುಕುವ ಪರೀಕ್ಷೆಗಳಿವೆ. ಇತ್ತೀಚೆಗೆ ಹೊಟ್ಟೆಗೆ ಹೋಗಿದೆಯೇ ಅನ್ನುವುದನ್ನು ಅವು ಹೇಳಬಹುದು. ಕರುಳಿಗೆ ಏನಾಗಿದೆ ಅನ್ನುವುದನ್ನು ಹೇಳಲಾರವು.

ಇನ್ನು ಜನರ ಜೊತೆಗಿನ ಪಾಡು. "ಒಂಚೂರು ತಿಂದ್ರೆ ಏನೂ ಆಗಲ್ಲ ಬಿಡಿ" ಅನ್ನುವ ಮಾತು ನೀವೆಲ್ಲ ಕೇಳಿದ್ದೀರಿ. ವಾದ ಮಾಡಲು ಹೋಗಬೇಡಿ. "ನನಗೆ ಆಗುತ್ತೆ" ಅಂದರೆ ಮುಗಿಯಿತು. ಕಷ್ಟ ಇರುವುದು ಪ್ರೀತಿಯಿಂದ ಅಡುಗೆ ಮಾಡಿ ಬಡಿಸಿದವರಿಗೆ ಹೇಳುವುದರಲ್ಲಿ. ಊಟ ಆದಮೇಲೆ ನೀವು ನರಳಿದ್ದು ಅವರಿಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ ಅಂತ ಮುಚ್ಚಿಡುತ್ತೀರಿ. ಆಗ ಮುಂದಿನ ಸಲವೂ ಅದೇ ಸಾಸ್ ಬರುತ್ತದೆ. ಹೇಳಿ. ಆದರೆ ತೀರ್ಪು ಕೊಡುವ ಹಾಗೆ ಬೇಡ. "ಆವತ್ತು ರಾತ್ರಿ ಹೊಟ್ಟೆ ಕೆಟ್ಟಿತು, ಯಾವುದರಿಂದ ಅಂತ ಹುಡುಕ್ತಿದ್ದೀನಿ, ಆ ಸಾಸ್ ಬಾಟಲಿಯ ಫೋಟೋ ಕಳಿಸ್ತೀರಾ?" ಅಂತ ಕೇಳಿ. ಪತ್ತೆ ಕೆಲಸದಲ್ಲಿ ಅವರನ್ನೂ ಸೇರಿಸಿಕೊಂಡ ಹಾಗಾಯಿತು.

ಹೊರಗೆ ತಿನ್ನುವುದನ್ನೇ ಬಿಟ್ಟವರೂ ಇಲ್ಲಿದ್ದೀರಿ. ಅತಿಯಾದ ಎಚ್ಚರಿಕೆಯಲ್ಲಿ ಬದುಕುವ ಸೀಲಿಯಾಕ್ ರೋಗಿಗಳ ಜೀವನದ ಗುಣಮಟ್ಟ ಕುಸಿಯುವುದನ್ನು ಸಂಶೋಧಕರೂ ಗುರುತಿಸಿದ್ದಾರೆ. ನನ್ನ ಅಭಿಪ್ರಾಯ ಇಷ್ಟು: ಎಚ್ಚರಿಕೆ ಬೇಕು, ಆದರೆ ಮನೆಯ ಬೆಣ್ಣೆ ಡಬ್ಬಿ ಸರಿಮಾಡಿದವರು ಆಗೊಮ್ಮೆ ಈಗೊಮ್ಮೆ ಗೆಳೆಯರ ಜೊತೆ ಹೊರಗೆ ಊಟಕ್ಕೆ ಹೋಗಬಹುದು. ಅಡುಗೆಯವರನ್ನು ವಿಚಾರಿಸಿ, ಕರಿದದ್ದು ಬಿಟ್ಟು, ಸರಳವಾದದ್ದು ಆರಿಸಿ. ಅನುಮಾನ ಬಂದರೆ ಬರೀ ಹರಟೆ ಹೊಡೆದು ಬನ್ನಿ.

ಇನ್ನು ನಿಮ್ಮ ಪ್ರಶ್ನೆಗಳು.

"ಮೊನ್ನೆ ತಪ್ಪಿ ತಿಂದೆ. ಈಗಲೇ ರಕ್ತಪರೀಕ್ಷೆ ಮಾಡಿಸಲಾ?"

ಬೇಡ. ಸೀಲಿಯಾಕ್‌ಗಾಗಿ ರಕ್ತದಲ್ಲಿ ಅಳೆಯುವ ಟಿಟಿಜಿ ಪ್ರತಿಕಾಯ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಒಂದು ಊಟದ ತಪ್ಪು ಅದರಲ್ಲಿ ಕಾಣುವುದು ಅಪರೂಪ. ಡಾಕ್ಟರು ಹೇಳಿದ ಸಮಯಕ್ಕೇ ಮಾಡಿಸಿ. ಪಥ್ಯ ಮಾಡುತ್ತಿದ್ದರೂ ತಿಂಗಳುಗಳ ನಂತರ ಅಂಕಿ ಇಳಿಯದೆ ನಿಂತಿದ್ದರೆ, ಆಗ ದಿನಾ ಬರುವ ಚೂರನ್ನು ಹುಡುಕಬೇಕು. ಅಂಕಿ ಸಾಮಾನ್ಯ ಮಟ್ಟಕ್ಕೆ ಬಂತು ಅಂತ ಮೈಮರೆಯುವುದೂ ಬೇಡ, ರಕ್ತ ಸರಿಯಿದ್ದರೂ ಕರುಳು ಪೂರ್ತಿ ವಾಸಿಯಾಗಿರದೇ ಇರಬಹುದು. ದೊಡ್ಡವರಲ್ಲಿ ಅದಕ್ಕೆ ಎರಡು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ.

"ಮಾತ್ರೆಗಳಲ್ಲಿ, ಲಿಪ್‌ಸ್ಟಿಕ್‌ನಲ್ಲಿ ಗ್ಲುಟೆನ್ ಇರುತ್ತಂತೆ?"

ಕೆಲವು ಮಾತ್ರೆಗಳಿಗೆ ಗೋಧಿಯ ಪಿಷ್ಟ ಬಳಸುತ್ತಾರೆ. ಪ್ರಮಾಣ ಬಹಳ ಕಡಿಮೆ. ಔಷಧ ಕೊಡುವವರನ್ನು ಕೇಳಿ, ಬೇಕಿದ್ದರೆ ಬದಲಿಸಲು ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಚರ್ಮಕ್ಕೆ ಹಚ್ಚುವ ಕ್ರೀಮಿನಿಂದ ಗ್ಲುಟೆನ್ ಕರುಳಿಗೆ ಹೋಗುವುದಿಲ್ಲ. ತುಟಿಗೆ ಹಚ್ಚುವುದನ್ನು ಒಂದಿಷ್ಟು ನುಂಗುತ್ತೇವೆ, ಗ್ಲುಟೆನ್ ಇಲ್ಲದ್ದನ್ನು ಆರಿಸಿದರೆ ನೆಮ್ಮದಿ.

"ನನ್ನ ಮಗಳು ಶಾಲೆಯಲ್ಲಿ ಗೆಳತಿಯ ಕೇಕ್ ತಿಂದು ಬಂದಿದ್ದಳು ಮೇಡಂ. ಕೇಳಿದರೆ ಇಲ್ಲ ಅಂದಳು. ರಾತ್ರಿ ಗೊತ್ತಾಯಿತು."

ಬೈದಿರಾ? (ತಾಯಿ ನಕ್ಕರು.) ಬೈದಿದ್ದರೆ ಮುಂದಿನ ಸಲ ರಾತ್ರಿಯೂ ಗೊತ್ತಾಗುವುದಿಲ್ಲ. ಮಗು ಎಡವಟ್ಟನ್ನು ಬಂದು ಹೇಳಿದ ದಿನ ಮೊದಲು "ಹೇಳಿದ್ದು ಒಳ್ಳೇದಾಯ್ತು" ಅನ್ನಿ, ಮಿಕ್ಕಿದ್ದು ಆಮೇಲೆ. ಅವಳಿಗೆ ಕೇಕ್ ಆಸೆ ಇದ್ದದ್ದು ಕಮ್ಮಿ, ಎಲ್ಲರೂ ತಿನ್ನುವಾಗ ತಾನೊಬ್ಬಳೇ ಸುಮ್ಮನೆ ಕೂರುವುದು ಬೇಡವಾಗಿತ್ತು ಅಂತ ನನಗನ್ನಿಸುತ್ತದೆ. ಅವಳಿಗಿಷ್ಟವಾದ ಗ್ಲುಟೆನ್ ಇಲ್ಲದ ಸಿಹಿಯ ಪ್ಯಾಕೆಟ್ ಒಂದನ್ನು ಟೀಚರ್ ಹತ್ತಿರ ಕೊಟ್ಟಿಡಿ. ಬೇರೆ ಮಕ್ಕಳ ಹುಟ್ಟುಹಬ್ಬ ಬಂದ ದಿನ ಅದನ್ನು ತೆಗೆದುಕೊಟ್ಟರಾಯಿತು. ಮುಗಿಯುವ ಮುಂಚೆ ನಿಮಗೆ ತಿಳಿಸಲು ಟೀಚರಿಗೆ ಹೇಳಿ, ಇಲ್ಲದಿದ್ದರೆ ಖಾಲಿಯಾದ ದಿನವೇ ಯಾರದ್ದೋ ಹುಟ್ಟುಹಬ್ಬ ಬರುತ್ತದೆ.